ಟವೆಲ್ಲಿನ ಕೆಳಗೆ ಏಳು ಬೆರಳು

ಹಿಂದೂಪುರದ ದನದ ಸಂತೆಯಲ್ಲಿ ದಲ್ಲಾಳಿ ನರಸಪ್ಪ ಬಾಯಿ ತೆರೆದನೆಂದರೆ ಪೆನುಕೊಂಡದ ಕೋಟೆಯಿಂದ ಎರಡು ಕಲ್ಲು ಉದುರುತ್ತಿದ್ದವು. ನಂಬದವರು ಹೋಗಿ ಬಿದ್ದ ಕಲ್ಲುಗಳನ್ನು ನೋಡಿಕೊಂಡು ಬರಬಹುದು. ಇಂಥವನ ಏಳು ವರ್ಷದ ಮಗಳು ಭ್ರಮರಾಂಬ ಮನೆಯೊಳಗೆ ಅಪ್ಪನನ್ನೂ ಮೀರಿಸಿದವಳು. ಹೊಸ್ತಿಲು ದಾಟಿದಳೋ, ತುಟಿಗೆ ಬೀಗ. ಶಾಲೆಗೆ ಸೇರಿ ಎರಡು ವರ್ಷವಾದರೂ ಹಾಜರಿ ಕೂಗಿದಾಗ ಒಂದು 'ಸಾರ್' ಅಂದವಳಲ್ಲ.

ಅಂದು ಬೆಳಿಗ್ಗೆ ಶ್ರೀರಾಮಪ್ಪ ಮೇಷ್ಟ್ರು ಮನೆಗೇ ಬಂದು ಕೂತರು. ನಾಳೆ ಶಾಲೆಯ ತನಿಖೆಗೆ ಡೆಪ್ಯುಟಿ ಇನ್ಸ್‌ಪೆಕ್ಟರು ಬರುತ್ತಾರೆ. ಹುಡುಗಿ ಅವರ ಮುಂದೆ ತನ್ನ ಹೆಸರೊಂದನ್ನು ಹೇಳಿದರೂ ಸಾಕು, ಎರಡನೇ ಕ್ಲಾಸಿಗೆ ಹಾಕುತ್ತೇನೆ. ಹೇಳದಿದ್ದರೆ ಪಟ್ಟಿಯಿಂದ ಹೆಸರು ತೆಗೆಯದೆ ನನಗೂ ದಾರಿಯಿಲ್ಲ ಎಂದರು. ಅಲ್ಲಿಯವರೆಗೆ ಅಡಿಗೆಮನೆಯಲ್ಲಿ ಗಲಗಲ ಎನ್ನುತ್ತಿದ್ದ ಅವಳ ದನಿ ಮೇಷ್ಟ್ರ ಕೆಮ್ಮು ಕೇಳಿದ್ದೇ ಅರ್ಧ ಮಾತಿನಲ್ಲಿ ನಿಂತುಹೋಯಿತು.

"ಇವತ್ತು ಹೊತ್ತು ಮುಳುಗೋದ್ರೊಳಗೆ ಇವಳ ಬಾಯಿಂದಾನೇ ಇವಳ ಹೆಸ್ರು ಬೀದೀಲಿ ಹೇಳುಸ್ತೀನಿ ಮೇಷ್ಟ್ರೇ. ಮಲಗಿದ್ ಎತ್ನ ಕುಣಿಯೋ ಎತ್ತು ಅಂತ ಮಾರಿರೋನು ನಾನು," ಎಂದ ನರಸಪ್ಪ.

ಮಾತು ಬೀದಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಪಾಪಕ್ಕ ಹಾಜರು. ಗಿಳಿ ಕಚ್ಚಿದ ಹಣ್ಣು ತಿಂದರೆ ಮಾತು ಬರುತ್ತದೆಂದು ಸೀಬೆಹಣ್ಣು ತಂದಿದ್ದಳು. ಹುಡುಗಿ ಮೂರನ್ನು ತಿಂದು ನಾಲ್ಕನೆಯದಕ್ಕೆ ಸುಮ್ಮನೆ ಕೈ ಚಾಚಿದಳು. ಆಮೇಲೆ ಬಜೆ ಬೇರು ತೇದು ತಂದಳು ಪಾಪಕ್ಕ. ಹೆದರಬೇಡ ಎಂದು ತೋರಿಸಲು ನರಸಪ್ಪ ತಾನೇ ಮೊದಲು ನೆಕ್ಕಿದ. ಕಣ್ಣಿಂದ ಸುರಿದ ನೀರಿನಲ್ಲಿ ಪರಿಗಿ ಕೆರೆ ಒಂದು ಸಲ ಕೋಡಿ ಹರಿಯಬಹುದಿತ್ತು. ಅದನ್ನು ಕಂಡ ಮಗಳ ತುಟಿಗಳು ಇನ್ನಷ್ಟು ಬಿಗಿದುಕೊಂಡವು.

ಅಷ್ಟಕ್ಕೆ ಬಿಡುವವನೇ? ಕೈ ಹಿಡಿದು ನೇರ ಸಂತೆಗೆ ಕರೆದೊಯ್ದ. ನೂರು ಜನ ಮಾತಾಡುವ ಕಡೆ ಒಬ್ಬಳು ಬಾಯಿ ಬಿಡದಿರಲು ಸಾಧ್ಯವೇ ಎಂಬುದು ಅವನ ಲೆಕ್ಕ. ಸಿಕ್ಕಸಿಕ್ಕವರಿಗೆ ಕತೆ ಹೇಳಿದ. ಅವರೆಲ್ಲ ಬಗ್ಗಿ ಬಗ್ಗಿ, "ನೀ ಪೇರೇಮಮ್ಮಾ?", "ಹೆಸ್ರು ಹೇಳವ್ವ" ಎಂದು ತೆಲುಗು, ಕನ್ನಡ ಎರಡರಲ್ಲೂ ಹೆಸರು ಕೇಳಿದರು. ಹುಡುಗಿ ಕುಗ್ಗಿ ಕುಗ್ಗಿ ಅಂಗೈಯಗಲ ಆದಳು.

ಆ ದಿನ ನರಸಪ್ಪನ ಕೈಯಲ್ಲಿದ್ದ ಸರಕು ಕಲ್ಯಾಣದುರ್ಗದ ಮುದುಕ ಶಿವಯೋಗಪ್ಪನ ಮುದಿ ಎತ್ತು. ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಸಂತೆಯ ನೀರು ಕುಡಿದು, ಎಲ್ಲ ಸಂತೆಯಿಂದಲೂ ವಾಪಸಾದ ಎತ್ತು ಅದು. ಇದು ಉಳುವುದೇ ಬೇಡ, ಇದನ್ನು ಕಂಡರೆ ಸಾಕು ಭೂಮಿ ತಾನೇ ಸೀಳಿಕೊಳ್ಳುತ್ತದೆ ಎಂದು ನರಸಪ್ಪ ಗಿರಾಕಿಗಳ ಹಿಂದೆ ಹೋದ. ಹುಡುಗಿ ಶಿವಯೋಗಪ್ಪನ ಪಕ್ಕ ಉಳಿದಳು.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ಹೇಳಬೇಕು, ಬೆರಳಿಗೆ ಹತ್ತು ರೂಪಾಯಿ. ಮುದುಕ ಹುಡುಗಿಯ ಮುಖ ನೋಡದೆ, ಕೈಮೇಲೆ ಟವೆಲ್ ಹಾಸಿ ಚಾಚಿದ. ವಯಸ್ಸೆಷ್ಟು, ಬಾಯಲ್ಲಿ ಬೇಡ, ಬೆರಳಲ್ಲಿ ಸಾಕು ಎಂದ. ದಲ್ಲಾಳಿಯ ಮಗಳಲ್ಲವೇ, ಥಟ್ಟನೆ ಕೈ ತೂರಿಸಿ ಮೊದಲು ಐದು, ಆಮೇಲೆ ಎರಡು ಬೆರಳು ಹಿಡಿದಳು. "ಏಳಾ? ಭೇಷ್," ಎಂದ ಮುದುಕ, ಖುಷಿಗೆ ಎತ್ತಿನ ಹಗ್ಗವನ್ನೂ ಅವಳ ಕೈಗಿಟ್ಟ.

ಎದುರಿನ ಮರದಡಿಯಿಂದ ಇದನ್ನು ನೋಡಿದವನು ಕದಿರಪ್ಪ, ನರಸಪ್ಪನಿಗೆ ಎದುರಾಳಿ ದಲ್ಲಾಳಿ. ನಿಧಾನವಾಗಿ ಎದ್ದು ಬಂದ.

"ಟವೆಲ್ ಕೆಳಗೆ ಏಳು ಹಿಡಿದ್ಬುಟ್ಳು, ಹಗ್ಗಾನೂ ಕೈ ಬದಲಾಯ್ತು. ಎಪ್ಪತ್ತು ರೂಪಾಯ್ಗೆ ಎತ್ತು ನಿಮ್ಮನೇದು ಕಣಪ್ಪ ನರಸಪ್ಪ."

ಗಿರಾಕಿಯನ್ನು ಬಿಟ್ಟು ಬಂದ ನರಸಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ. ಹಗ್ಗ ಕೈ ಬದಲಾದ ಮೇಲೆ ಮಾತು ತಪ್ಪಿದ ದಲ್ಲಾಳಿಗೆ ಮತ್ತೆ ಯಾರೂ ಟವೆಲ್ ಹಾಸುವುದಿಲ್ಲ. ಮಗು ಆಡಿದ್ದು ಎಂದರೆ, ದಲ್ಲಾಳಿ ಮಗಳಿಗೆ ಬೆರಳಿನ ಭಾಷೆ ಗೊತ್ತಿಲ್ಲವೇ ಎಂದರು. ಎತ್ತು ಸರಿಯಿಲ್ಲ ಎನ್ನೋಣವೆಂದರೆ ಬೆಳಗಿನಿಂದ ಹೊಗಳಿದವನು ತಾನೇ. ಶಿವಯೋಗಪ್ಪನ ಕಡೆ ನೋಡಿದರೆ ಆತ ಎಲೆಗೆ ಸುಣ್ಣ ಹಚ್ಚುತ್ತ, "ನನ್ನೇನ್ ಕೇಳ್ತೀಯ? ಕೈ ಕೊಟ್ಟೋಳ್ನೇ ಕೇಳು," ಎಂದ.

ಅದೇ ತೀರ್ಮಾನವಾಯಿತು. ಕೈ ಕೊಟ್ಟವಳೇ ಬಾಯಿಬಿಟ್ಟು ಕೊಂಡಿಲ್ಲ ಅಂದರೆ ವ್ಯಾಪಾರ ರದ್ದು. ಇಡೀ ಸಂತೆ ಹುಡುಗಿಯ ಮೇಲೆ ಬಗ್ಗಿತು. ಅವಳು ಎತ್ತಿನ ಹಿಂದೆ ಅಡಗಿದಳು. ನರಸಪ್ಪ ಗದರಿದ, ಗೋಗರೆದ, ಬೆಲ್ಲದ ಅಚ್ಚು ತೋರಿಸಿದ. ಗಂಟಲು ಬತ್ತಿದ ಮೇಲೆ ಮೊದಲ ಸಲ ಮಗಳನ್ನು ಸರಿಯಾಗಿ ನೋಡಿದ. ಹಗ್ಗ ಹಿಡಿದ ಪುಟ್ಟ ಬೆರಳುಗಳು ಬಿಳಿಚಿಹೋಗಿದ್ದವು. ಉಸಿರೂ ಹೊರಬರುತ್ತಿರಲಿಲ್ಲ. ಇದು ಹಟವಲ್ಲ, ಭಯ. ಏಳು ವರ್ಷ ಇದು ತನಗೆ ಕಂಡೇ ಇರಲಿಲ್ಲವಲ್ಲ ಎನ್ನಿಸಿತು.

ತೋಳಗಲಿಸಿ ಅಷ್ಟೂ ಜನರನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ತಳ್ಳಿದ.

"ಯಾರೂ ಕೇಳ್ಬ್ಯಾಡ್ರಿ. ಅವಳಿಗೆ ಯಾವಾಗ ಅನ್ಸುತ್ತೋ ಆವಾಗ ಹೇಳ್ಲಿ, ಹೇಳ್ದಿದ್ರೂ ಸೈ. ಅಲ್ಲೀಗಂಟ ನಾನು ಇಲ್ಲಿಂದ ಏಳಲ್ಲ."

ಮಗಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೇಬಿಟ್ಟ. ನರಸಪ್ಪ ಸುಮ್ಮನಾದದ್ದು ಹುಟ್ಟಿದ ಮೇಲೆ ಅದೇ ಮೊದಲು. ಆ ನಿಶ್ಶಬ್ದಕ್ಕೆ ಬೆದರಿ ಸೋಮಂದೇಪಲ್ಲಿಯವರೆಗೂ ಕಾಗೆಗಳು ಕೂಗುವುದನ್ನು ಬಿಟ್ಟವು. ಕದಿರಪ್ಪ ಒಮ್ಮೆ ಬಾಯಿ ತೆರೆದದ್ದಕ್ಕೆ ನಾಲ್ಕು ಜನ ಅವನ ಬಾಯಿ ಮುಚ್ಚಿದರು.

ನೆರಳು ಒಂದು ಮಾರು ಸರಿಯಿತು. ಎತ್ತಿನ ಕಿವಿಯ ಹತ್ತಿರ ಪಿಸಪಿಸ ಸದ್ದು. ನರಸಪ್ಪ ತಿರುಗಲಿಲ್ಲ. ಪಿಸುಮಾತು ಮೆಲುಮಾತಾಯಿತು. ಅಮ್ಮ ಬೆಲ್ಲ ಬಚ್ಚಿಡುವ ಜಾಗವನ್ನು ಎತ್ತಿಗೆ ಹೇಳಿಯಾಯಿತು. ಆಮೇಲೆ ಹಗ್ಗ ಹಿಡಿದುಕೊಂಡೇ ಮುಂದೆ ಬಂದಳು.

"ನನ್ ಹೆಸ್ರು ಭ್ರಮರಾಂಬ. ಈ ಎತ್ನ ನಾನೇ ತಗಂಡಿವ್ನಿ."

ನರಸಪ್ಪ ಎದ್ದು ಮಗಳನ್ನು ಆಕಾಶಕ್ಕೆತ್ತಿ ಕುಣಿದ. ಎರಡನೆಯ ಮಾತು ತಲೆಗಿಳಿಯುವ ಹೊತ್ತಿಗೆ ಶಿವಯೋಗಪ್ಪ ವ್ಯಾಪಾರ ಮುಗಿಯಿತೆಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡಿದ್ದ.

ಸೊಪ್ಪು ಕೊಳ್ಳಲು ಬಂದು ಗುಂಪಿನಲ್ಲಿ ಸಿಕ್ಕಿಬಿದ್ದಿದ್ದ ಶ್ರೀರಾಮಪ್ಪ ಮೇಷ್ಟ್ರು ಮುಂದೆ ಬಂದರು. ಕಿವಿಯಾರೆ ಕೇಳಿದೆ, ನಾಳೆ ಇದನ್ನೇ ಹೇಳಿದರೆ ಎರಡನೇ ಕ್ಲಾಸು ಖಂಡಿತ ಎಂದರು. ಹುಡುಗಿಯ ತುಟಿಗಳು ಮತ್ತೆ ಬಿಗಿದುಕೊಂಡವು. ಒಂದು ಕೈ ಎತ್ತಿನ ಕತ್ತಿಗೆ ಹೋಯಿತು. ಯಾರೂ ಅವಸರ ಮಾಡಲಿಲ್ಲ.

"ಇದೂ ಬತ್ತೈತೆ, ಸಾರ್."

ಮೇಷ್ಟ್ರು ಎತ್ತನ್ನು ನೋಡಿದರು, ಎತ್ತು ಮೇಷ್ಟ್ರನ್ನು ನೋಡಿತು. ಎರಡು ವರ್ಷ ಕಾದ 'ಸಾರ್' ಅದು. ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಕಿಟಕಿಯ ಹೊರಗೆ ನಿಲ್ಲಲಿ, ಆದರೆ ಹಗ್ಗ ಹಿಡಿಯುವವರು ಯಾರು ಎಂದರು.

"ನಮ್ಮಪ್ಪ. ದಿನಾ ಹಿಡ್ಕಂತಾನೆ," ಎಂದಳು ಭ್ರಮರಾಂಬ. "ಆದ್ರೆ ಅಲ್ಲಿ ಅಪ್ಪ ಮಾತಾಡಂಗಿಲ್ಲ."

ಹಾಗಾದರೆ ಸಂತೆಯ ವ್ಯಾಪಾರ ಯಾರು ಮಾಡಬೇಕು ಎಂದು ಕೇಳಲು ನರಸಪ್ಪ ಬಾಯಿ ತೆರೆದ. ಮಗಳು ನೋಡಿದಳು. ಮುಚ್ಚಿದ.