ಗೇಣುದ್ದದ ಪೈಪು

ಕರ್ಜಗಿಯ ಮೈಲಾರೆಪ್ಪನ ಹಳೆ ವ್ಯಾನು ಓಡುವಾಗ ಯಾವ ತಕರಾರನ್ನೂ ಮಾಡುತ್ತಿರಲಿಲ್ಲ. ನಿಲ್ಲುವುದೊಂದೇ ಅದಕ್ಕೆ ಬರುತ್ತಿರಲಿಲ್ಲ. ಮೂರು ತಿಂಗಳಿಂದ ರೈಲ್ವೆ ಗೇಟಿನಲ್ಲೋ ಚಹಾ ಅಂಗಡಿ ಮುಂದೋ ನಿಲ್ಲಿಸಿದರೆ ಸಾಕು, ಎಂಜಿನ್ನು ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಕೆಮ್ಮಿ, ಪ್ರಾಣ ಬಿಡುತ್ತಿತ್ತು. ಹಾಗಾಗಿ ಮೈಲಾರೆಪ್ಪ ನಿಂತಲ್ಲೆಲ್ಲ ಬಲಗಾಲಿನಿಂದ ಎಕ್ಸಿಲರೇಟರ್ ತುಳಿಯುತ್ತಲೇ ಇರುತ್ತಿದ್ದ. ಕಾಲಿಗೆ ಅದೇ ಚಾಳಿಯಾಗಿ, ಊಟಕ್ಕೆ ಕೂತಾಗಲೂ ಪಾದ ತಾನೇ ತಾನಾಗಿ ಕುಣಿಯುತ್ತಿತ್ತು.

"ಹಾವೇರಿಗೆ ಒಯ್ದು ಅಲ್ಲಾಬಕ್ಷ ಮೇಸ್ತ್ರಿಗೆ ತೋರಸ್ರಿ," ಎಂದಳು ಹೆಂಡತಿ ರೇಣುಕವ್ವ.

"ಇಪ್ಪತ್ತು ವರ್ಷ ಗಾಡಿ ಹೊಡದೇನಿ. ನನ್ನ ಗಾಡಿ ಜಡ್ಡು ನನಗ ಗೊತ್ತಾಗೂದಿಲ್ಲೇನು? ಮೇಸ್ತ್ರಿ ಅಲ್ಲ, ಅವರಪ್ಪ ಬಂದ್ರೂ ಮುಟ್ಟಾಕ ಬಿಡಂಗಿಲ್ಲ!"

"ಹಂಗಾದ್ರ ಇವತ್ತ ಸಂಜಿಯೊಳಗ ಸರಿ ಮಾಡ್ರಿ. ನಿಮ್ಮ ಕಡೆ ಆಗಲಿಲ್ಲಂದ್ರ ಕೀಲಿ ನನ್ನ ಕೈಗೆ. ನಾಳೆ ಬ್ಯಾಡಗಿಗೆ ಮೆಣಸಿನಕಾಯಿ ನಾ ಹೊಡಕೊಂಡು ಹೋಗ್ತೇನಿ."

ಇದು ಮರ್ಮಕ್ಕೇ ತಾಗಿತು. ರೇಣುಕವ್ವ ಡ್ರೈವಿಂಗ್ ಕಲಿತು ಲೈಸನ್ಸು ತಂದು ವರ್ಷವಾಗಿತ್ತು. ಕೀಲಿ ಮಾತ್ರ ಗಂಡನ ಉಡಿದಾರ ಬಿಟ್ಟು ಇಳಿದಿರಲಿಲ್ಲ (ಜಳಕದ ಹೊತ್ತಿನಲ್ಲೂ). ಹೆಂಡತಿ ಹೊಡೆಯುವ ವ್ಯಾನಿನಲ್ಲಿ ಕೂತು, ಕಟ್ಟೆಯ ಮೇಲಿನ ಮಂದಿಯ ಮುಂದೆ ಹಾಯ್ದು ಹೋಗುವುದೆ?

"ಆಗ್ಲಿ! ಮಾತಂದ್ರ ಮಾತು!" ಎಂದು ಮೈಲಾರೆಪ್ಪ ಅಂಗಿ ಕಳಚಿ ರಣರಂಗಕ್ಕಿಳಿದ.

ಸೀಟು ಎತ್ತಿದರೆ ಕೆಳಗೆ ಎಂಜಿನ್ನು. ಕಾರ್ಬ್ಯುರೇಟರಿನ ಸುತ್ತ ಐದು ಸಣ್ಣ ಸಣ್ಣ ಕರಿ ರಬ್ಬರ್ ಪೈಪುಗಳು. ಎಂಜಿನ್ನು ಒಳಗಿನಿಂದ ಗಾಳಿ ಎಳೆಯುವ ಇವನ್ನು ಮೇಸ್ತ್ರಿಗಳು ವ್ಯಾಕ್ಯೂಮ್ ಪೈಪು ಎನ್ನುತ್ತಾರೆ. ಮೈಲಾರೆಪ್ಪ ಐದನ್ನೂ ಒಮ್ಮೆಲೇ ಕಿತ್ತು ತೊಳೆಯಲು ಬಕೆಟ್ಟಿಗೆ ಹಾಕಲು ಹೊರಟ.

"ತಡೀರಿ, ಒಂದು ಫೋಟೋ ತಗೀತೇನಿ. ಯಾವುದು ಎಲ್ಲಿತ್ತು ಅಂತ ನೆನಪಿರಬೇಕಲ್ಲ."

"ತಗಿ, ಬೇಕಾದ್ರ ಫ್ರೇಮ್ ಹಾಕ್ಸು. ನನಗೆಲ್ಲಾ ತಲ್ಯಾಗ ಐತಿ!"

ತಲೆಯಲ್ಲಿದ್ದದ್ದು ಬಕೆಟ್ಟಿನ ನೀರಿನ ಜೊತೆಗೇ ಗಟಾರಕ್ಕೆ ಹೋಯಿತು. ಕೊನೆಗೆ ಉದ್ದಂದು ದೂರಕ್ಕೆ, ಗಿಡ್ಡಂದು ಹತ್ತಿರಕ್ಕೆ ಎಂಬ ಸ್ವಂತ ಸಿದ್ಧಾಂತದ ಮೇಲೆ ಐದನ್ನೂ ಸಿಕ್ಕಿಸಿ ಕೀಲಿ ತಿರುವಿದ. ವ್ಯಾನು ಢಬ್ ಎಂದು ಕರಿ ಹೊಗೆ ಉಗುಳಿದ್ದಕ್ಕೆ ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಗೂಟ ಕಿತ್ತುಕೊಂಡು ಓಡಿತು.

"ಹಿಂಗ ಆಗಬೇಕು! ಒಳಗಿನ ಹೊಲಸು ಹೊರಗ ಬರಾಕತ್ತೇತಿ!" ಎಂದು ಮೈಲಾರೆಪ್ಪ ಕೆಮ್ಮುತ್ತ ಸಾರಿದ.

ರೇಣುಕವ್ವ ಮೊದಲು ಎಮ್ಮೆ ಹಿಡಿದು ತಂದು ಕಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿ, ಫೋಟೋ ನೋಡುತ್ತ ಐದೂ ಪೈಪುಗಳನ್ನು ಮೊದಲಿನ ಜಾಗಕ್ಕೇ ಹಾಕಿದಳು. ಎಂಜಿನ್ನು ಹತ್ತಿತು, ಆದರೆ ಮೊದಲಿನ ಹಾಗೇ ನಡುಗಿತು. ಮೈಲಾರೆಪ್ಪ ತೊಡೆ ತಟ್ಟಿದ.

"ನೋಡ್ದಿ? ನಿನ್ನ ಫೋಟೋನೂ ಕೈ ಕೊಡ್ತು! ಇದು ಪೆಟ್ರೋಲಿನ ದೋಷ!"

"ಸುಮ್ನಿರ್ರಿ ಚೂರು. ಎಲ್ಲೋ ಸುಂಯ್ ಅನ್ನಾಕತ್ತೇತಿ."

ಕುಕ್ಕರಿನ ರಬ್ಬರು ಸಡಿಲಾದರೆ ಹಿತ್ತಲಲ್ಲಿದ್ದರೂ ತಿಳಿಯುವ ಕಿವಿ ಅವಳದು. ಬಗ್ಗಿ ಕೈಯಾಡಿಸಿದಳು. ಪೈಪೇ ಇಲ್ಲದ ಒಂದು ಸಣ್ಣ ಕಬ್ಬಿಣದ ಮೂತಿ ಬೆರಳಿಗೆ ಸಿಕ್ಕಿತು. ಅದರ ಮೇಲೆ ಹೆಬ್ಬೆರಳು ಒತ್ತಿದಳು. ಎಂಜಿನ್ನು ನಡುಕ ಬಿಟ್ಟು ಹದವಾಗಿ ಗುನುಗತೊಡಗಿತು. ಬೆರಳು ತೆಗೆದರೆ ಮತ್ತೆ ಚಳಿಜ್ವರ.

"ಇಲ್ಲೊಂದು ಪೈಪು ಇರಬೇಕಲ್ರಿ. ಎಲ್ಲಿ ಹೋತು?"

"ಯಾವನೋ ಕದ್ದಾನ! ಕರ್ಜಗ್ಯಾಗ ಕಳ್ಳರು ಭಾಳ..." ಎನ್ನುತ್ತಿದ್ದ ಮೈಲಾರೆಪ್ಪನ ಬಾಯಿ ಅಲ್ಲೇ ನಿಂತಿತು. ಕಣ್ಣು ಗೋಡೆಗೆ ತೂಗುಹಾಕಿದ್ದ ಔಷಧಿ ಹೊಡೆಯುವ ಪಂಪಿನ ಮೇಲೆ ಬಿದ್ದಿತ್ತು. ಮೂರು ತಿಂಗಳ ಹಿಂದೆ ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುವಾಗ ಪಂಪಿನ ಪೈಪು ಸೀಳಿತ್ತು. ಪೇಟೆಗೆ ಯಾರು ಹೋಗಬೇಕು? ವ್ಯಾನಿನಿಂದ ಗೇಣುದ್ದದ ಪೈಪೊಂದನ್ನು ಕಿತ್ತು ಸಿಕ್ಕಿಸಿದ್ದ. ಅದರೊಳಗೆ ಪೆಟ್ರೋಲೂ ಇರಲಿಲ್ಲ, ನೀರೂ ಇರಲಿಲ್ಲ. ಖಾಲಿ ಪೈಪಿಗೆ ಎಂಥ ಕೆಲಸ ಎಂದು ಆಗ ಅವನೇ ತೀರ್ಪು ಕೊಟ್ಟಿದ್ದ.

ರೇಣುಕವ್ವ ಅವನ ಕಣ್ಣು ಹೋದತ್ತಲೇ ನೋಡಿದಳು. ಪಂಪಿನಿಂದ ಪೈಪು ಬಿಚ್ಚಿ, ತೊಳೆದು, ಒಂದು ತುದಿಯನ್ನು ಆ ಮೂತಿಗೂ ಇನ್ನೊಂದನ್ನು ಎದುರಿನ ಖಾಲಿ ಮೂತಿಗೂ ಸಿಕ್ಕಿಸಿ, ಕೈ ಚಾಚಿದಳು. ವ್ಯಾನು ತಣ್ಣಗೆ ಗುನುಗುತ್ತ ನಿಂತಿತ್ತು.

"ಪೈಪು ಬಂದದ್ದು ನನ್ನ ಪಂಪಿಂದ, ನೆನಪಿರಲಿ!" ಎಂದು ಗುಡುಗುತ್ತ ಮೈಲಾರೆಪ್ಪ ಕೀಲಿ ಕಿತ್ತು ಅವಳ ಅಂಗೈಗೆ ಹಾಕಿದ. "ಕೀಲಿ ಕೊಟ್ಟೇನಿ, ಸೋತಿಲ್ಲ ಮತ್ತ!"

ಮರುದಿನ ಬೆಳಿಗ್ಗೆ ರೇಣುಕವ್ವ ಸ್ಟೇರಿಂಗು ಹಿಡಿದಳು. ಪಕ್ಕದ ಸೀಟಿಗೆ ನೆರೆಮನೆಯ ದೇವವ್ವ ಬಂದಳು. ಹಿಂದೆ ಮೆಣಸಿನಕಾಯಿ ಚೀಲಗಳ ಮೇಲೆ ಮೈಲಾರೆಪ್ಪ, ಅಂಬಾರಿ ಏರಿದವನಂತೆ ಎದೆ ಸೆಟೆಸಿ ಕೂತಿದ್ದ. ಕಟ್ಟೆ ದಾಟುವಾಗಲೂ ತಲೆ ತಗ್ಗಿಸಲಿಲ್ಲ, ಬೇಕೆಂದೇ ಮೀಸೆ ತಿರುವಿದ.

ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ವ್ಯಾನು ನಿಂತಿತು. ನಿಂತೇ ಗುನುಗುತ್ತಿತ್ತು.

"ಅಯ್ಯ, ಗಾಡಿ ನಡಗವಲ್ದಲ್ಲ ರೇಣುಕವ್ವಾ! ಯಾರು ರಿಪೇರಿ ಮಾಡಿದ್ರು?" ಎಂದಳು ದೇವವ್ವ.

"ನಾನ!" ಎಂದು ಹಿಂದಿನಿಂದ ಸಿಂಹನಾದವೇನೋ ಬಂತು, ಆದರೆ ಅದರ ಬೆನ್ನಿಗೇ ಖಾರದ ಘಾಟು ಬಂದು ಮೂವರೂ ಒಟ್ಟಿಗೇ ಸೀನಿದರು.

ರೇಣುಕವ್ವ ಹಿಂದೆ ತಿರುಗಲೂ ಇಲ್ಲ. "ಗಾಡಿ ತಾನ ನಿಂತೇತ್ರಿ," ಎಂದಳು ಮೂಗು ಒರೆಸಿಕೊಳ್ಳುತ್ತ. "ಮೆಣಸಿನಕಾಯಿ ತುಳಿಯೂದು ಬಿಡ್ರಿ."