ನಾಲ್ಕು ನಿಮಿಷದ ದಾರಿ, ಹದಿನೇಳು ನಿಮಿಷದ ದಾರಿ

ಯಾರನ್ನಾದರೂ ಕೂಗಿ ಕರೆದ ಮೇಲೆ ಅವರು ‘ಓ’ ಎನ್ನುವವರೆಗೆ ಮನಸ್ಸಿನಲ್ಲೇ ಎಣಿಸುವ ಕೆಟ್ಟ ಚಟವೊಂದು ನನಗಿದೆ. ಹೋಟೆಲಿನಲ್ಲಿ ಚಹಾ ಕೇಳಿದರೆ ಏಳರವರೆಗೆ ಎಣಿಸಬೇಕಾಗುತ್ತದೆ. ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸನ್ನು ಗೇಟಿನಿಂದ ಕರೆದರೆ ಎರಡಕ್ಕೇ ತಿರುಗಿ ನೋಡುತ್ತಾಳೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಎಣಿಕೆಗೆ ಸಿಗುವವರಲ್ಲ. ಕರೆದದ್ದು ಕೇಳಿದರೂ ಏನು ಕೆಲಸವಿರಬಹುದೆಂದು ಯೋಚಿಸಿ, ನಮಗೆ ಆ ಕೆಲಸ ಮರೆತುಹೋದ ಮೇಲೆ ಬರುತ್ತಾರೆ. ಎಣಿಸಿ ಏನು ಮಾಡುತ್ತೀರಿ ಎಂದು ಕೇಳಬೇಡಿ. ಏನೂ ಮಾಡುವುದಿಲ್ಲ. ಉಗುರು ಕಚ್ಚುವವರು ಆ ಉಗುರನ್ನು ಏನು ಮಾಡುತ್ತಾರೆ? ಆದರೆ ಈ ಚಟದಿಂದ ಒಮ್ಮೆ ಒಂದು ಜೀವ ಹೋಗುವುದರಲ್ಲಿತ್ತು. ಆ ದಿನದ ನಂತರ ಬಿಡಬೇಕೆಂದುಕೊಂಡೆ. ಬಿಡಲಾಗಲಿಲ್ಲ, ಎಣಿಸುವಾಗ ಎದೆ ಹೊಡೆದುಕೊಳ್ಳುವುದೊಂದು ಹೊಸದಾಗಿ ಸೇರಿತು.

ಚಟ ಹತ್ತಿದ್ದು ಕೆಲಸದಿಂದ. ನಾನು ಆಗ ಕುಂದಾಪುರದ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗದವನು. ವಿಭಾಗವೆಂದರೆ ನಾನು ಮತ್ತು ಒಂದು ಟೇಬಲ್ ಫ್ಯಾನು. ಫ್ಯಾನು ಕೂಡ ನನಗಲ್ಲ, ಯಂತ್ರ ಬಿಸಿಯಾಗದಿರಲೆಂದು ಅದರ ಕಡೆ ತಿರುಗಿಸಿ ಇಟ್ಟದ್ದು. ನಮ್ಮ ಶಾಖೆಗಳು ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಇದ್ದವು. ಅಲ್ಲಿಯ ಕಂಪ್ಯೂಟರುಗಳು ಕುಂದಾಪುರದ ಕಂಪ್ಯೂಟರಿನ ಜೊತೆ ಮಾತಾಡಲು ಎರಡು ದಾರಿಗಳಿದ್ದವು. ಒಂದು ನೆಲದ ತಂತಿಯ ಲೈನು, ಇನ್ನೊಂದು ಟವರಿನಿಂದ ಟವರಿಗೆ ಗಾಳಿಯಲ್ಲಿ ಹೋಗುವ ಲೈನು. ಎರಡರ ಮೇಲೂ ಹೊರೆ ಸಮನಾಗಿ ಹಂಚುವುದು, ಯಾವ ದಾರಿ ಎಷ್ಟು ತಡ ಮಾಡುತ್ತಿದೆ ಎಂದು ಅಳೆಯುವುದು, ಇವೆರಡೇ ನನ್ನ ಕೆಲಸ. ಅಳೆಯುವ ಕ್ರಮ ಬಹಳ ಸರಳ. ಅದಕ್ಕೆ ಪಿಂಗ್ ಎನ್ನುತ್ತಾರೆ. ಇಲ್ಲಿಂದ ಒಂದು ಸಣ್ಣ ಸಂದೇಶ ಹೋಗಿ ಬೈಂದೂರಿನ ಯಂತ್ರವನ್ನು ಮುಟ್ಟುತ್ತದೆ, ಅದು ‘ಇದ್ದೇನೆ’ ಎಂದು ತಿರುಗಿ ಕಳಿಸುತ್ತದೆ. ಹೋಗಿ ಬರಲು ಹಿಡಿದ ಹೊತ್ತು ಸೆಕೆಂಡಿನ ಸಾವಿರದಲ್ಲೊಂದು ಭಾಗದ, ಅಂದರೆ ಮಿಲಿಸೆಕೆಂಡಿನ ಲೆಕ್ಕದಲ್ಲಿ ಪರದೆಯ ಮೇಲೆ ಮೂಡುತ್ತದೆ. ನಮ್ಮೂರಿನವರು ಗದ್ದೆಯ ಈ ಕಡೆಯಿಂದ ‘ಹ್ವಾಯ್’ ಎಂದು ಕೂಗಿ ಆ ಕಡೆಯ ‘ಓ’ಗೆ ಕಾಯುತ್ತಾರಲ್ಲ, ಅದೇ ಕೆಲಸ. ನಮ್ಮವರು ಸಂಬಳವಿಲ್ಲದೆ ಮಾಡುತ್ತಿದ್ದರು ಅಷ್ಟೆ.

ಈ ಕೆಲಸದಲ್ಲಿ ನಾನು ಮಾಡಿದ ಮೊದಲ ತಪ್ಪು ಬ್ರಹ್ಮಾವರದ ಬಸ್ ಸ್ಟಾಂಡಿನಲ್ಲಿ ದಿನಾ ಎಲ್ಲರೂ ಮಾಡುವಂಥದ್ದು. ಎಕ್ಸ್‌ಪ್ರೆಸ್ ಬಸ್ ಬಂದಿತೆಂದರೆ ಹತ್ತಿರದ ಸಾಸ್ತಾನದಲ್ಲಿ ಇಳಿಯುವವರು ಕೂಡ ಅದಕ್ಕೇ ನುಗ್ಗುತ್ತಾರೆ. ಹತ್ತಿ ಇಳಿಯುವುದರಲ್ಲೇ ಕಾಲು ಗಂಟೆ ಹೋಗುತ್ತದೆ, ಹಿಂದಿನಿಂದ ಬಂದ, ಎಲ್ಲ ಕಡೆ ನಿಲ್ಲುವ ಖಾಲಿ ಸರ್ವಿಸ್ ಬಸ್ಸು ನಗುತ್ತಾ ಮುಂದೆ ಹೋಗುತ್ತದೆ. ನಾನೂ ಬೇಗ ಉತ್ತರ ಕೊಟ್ಟ ಲೈನಿಗೇ ಎಲ್ಲ ಹೊರೆಯನ್ನೂ ಹೊರಿಸುವಂತೆ ಯಂತ್ರಕ್ಕೆ ಹೇಳಿಟ್ಟೆ. ಅದು ತುಂಬಿ ನಿಧಾನವಾಯಿತು. ಆಗ ಯಂತ್ರ ಇನ್ನೊಂದು ಲೈನು ಚುರುಕಾಗಿದೆ ಎಂದು ಎಲ್ಲವನ್ನೂ ಅತ್ತ ತಳ್ಳಿತು. ಅದೂ ತುಂಬಿತು, ಮತ್ತೆ ಇತ್ತ. ಹೀಗೆ ಒಂದು ಬೆಳಿಗ್ಗೆಯಿಡೀ ನಮ್ಮ ಸಂಘದ ವ್ಯವಹಾರ ಅತ್ತಿಂದಿತ್ತ ಓಡಾಡಿದ್ದು ಬಿಟ್ಟರೆ ಎಲ್ಲಿಗೂ ತಲುಪಲಿಲ್ಲ. ಬೈಂದೂರಿನ ಮ್ಯಾನೇಜರು ಫೋನ್ ಮಾಡಿದರು. “ಹ್ವಾಯ್, ನಿಮ್ ಕಂಪ್ಯೂಟರ್ ಮಲ್ಕಂಡಿತ್ ಕಾಣಿ. ಇಲ್ಲ್ ಜನ ನಿಂತ್ಕಂಡಿರ್. ನೀವ್ ಎಬ್ಸ್ತ್ರ್ಯಾ, ಅಲ್ಲ ನಾವೂ ಮಲ್ಕಂಬ್ದಾ?” ಬೇಗದ ದಾರಿಯನ್ನು ಕುರುಡಾಗಿ ನಂಬಬಾರದು ಎಂದು ನಾನು ಆ ದಿನ ಕಲಿತೆ. ಕಲಿತದ್ದನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಹೋದೆ.

ಮನೆ ಎಂದೆ. ಮನೆಯಲ್ಲಿ ಆಗ ನಾನೊಬ್ಬನೇ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ಜಲಜ ಉಪ್ಪುಂದದವಳು, ಕಡಲಿನ ಸದ್ದಿನಲ್ಲೇ ಬೆಳೆದವಳು. ಅವಳಿಗೆ ಶಾಲೆಯ ಕೆಲಸ ಸಿಕ್ಕಿದ್ದು ಮಾತ್ರ ಕೆರಾಡಿಯಿಂದಲೂ ಒಳಗೆ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಬಂದು ಸೋಮವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಸೋಮವಾರ ನಾನು ಎರಡು ಲೋಟ ಚಹಾಕ್ಕೆ ನೀರಿಟ್ಟು ಆಮೇಲೆ ಒಂದು ಲೋಟದಷ್ಟು ಚೆಲ್ಲುತ್ತಿದ್ದೆ. ಮಂಗಳವಾರ ಅಭ್ಯಾಸವಾಗುತ್ತಿತ್ತು. ಬುಧವಾರ ಅವಳು ಬಾಗಿಲ ಹಿಂದೆ ನೇತುಹಾಕಿ ಮರೆತುಹೋದ ಸೀರೆಯನ್ನು ಮಡಚುವ ನೆಪದಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದೆ. ಮಡಚಿದ ಮೇಲೆ ಮತ್ತೆ ಅಲ್ಲೇ ನೇತುಹಾಕುತ್ತಿದ್ದೆ, ಗುರುವಾರಕ್ಕೂ ಬೇಕಲ್ಲ.

ಮೊಬೈಲು ಪೇಟೆಯವರ ಜೇಬಿಗೆ ಬಂದಿದ್ದರೂ ಅವಳ ಊರಿಗೆ ಸಿಗ್ನಲ್ ಬಂದಿರಲಿಲ್ಲ. ಅಲ್ಲಿದ್ದದ್ದು ಒಂದೇ ಫೋನು, ಹೊಳೆಯ ಈ ದಡದ ಸುಬ್ಬಣ್ಣ ಶೆಟ್ಟರ ಅಂಗಡಿಯಲ್ಲಿ. ಶಾಲೆಯೂ ಅದೇ ದಡದಲ್ಲಿ, ಆದರೆ ಅದು ನಾಲ್ಕಕ್ಕೇ ಮುಗಿಯುತ್ತಿತ್ತು. ಜಲಜ ಬಾಡಿಗೆಗಿದ್ದ ಕೋಣೆ ಆಚೆ ದಡದಲ್ಲಿ, ಕೂಗಿದರೆ ಕೇಳುವಷ್ಟು ದೂರ. ದಿನಾ ಸಂಜೆ ಐದೂ ಮುಕ್ಕಾಲಿಗೆ ನಾನು ಕುಂದಾಪುರದ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುವುದು, ಶೆಟ್ಟರು ಅಂಗಳಕ್ಕೆ ಬಂದು ಟೀಚರನ್ನು ಕೂಗುವುದು, ಆಚೆಯಿಂದ ‘ಓ’ ಕೇಳಿದರೆ ನನಗೆ ಹೇಳುವುದು. ನಾನು ಫೋನ್ ಇಟ್ಟು, ಅವಳು ಬರುವಷ್ಟು ಹೊತ್ತು ಬಿಟ್ಟು ಮತ್ತೆ ಮಾಡುವುದು. ಆ ಊರಿನಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ, ಎಲ್ಲರಿಗೂ ನಾನು ‘ಫೋನಿನವರು’. ಎಂದಾದರೂ ಅಲ್ಲಿಗೆ ಹೋದರೆ ಮಕ್ಕಳು ಫೋನಿಗೆ ಕೈಕಾಲು ಬಂದಿದೆ ಎನ್ನುವ ಹಾಗೆ ನೋಡುತ್ತಿದ್ದರು.

ಅವಳು ಅಂಗಡಿಗೆ ಬರಲು ಎರಡು ದಾರಿಗಳು. ಎರಡು ದಾರಿ ಕಂಡರೆ ನನ್ನಂಥವನು ಸುಮ್ಮನಿರುತ್ತಾನೆಯೇ? ಒಂದು, ಹೊಳೆಗೆ ಅಡ್ಡಲಾಗಿ ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಸಂಕ, ಹಿಡಿದುಕೊಳ್ಳಲು ಒಂದು ಪಕ್ಕದಲ್ಲಿ ಹಗ್ಗ. ಇನ್ನೊಂದು, ಸುತ್ತು ಬಳಸಿ ಸಿಮೆಂಟಿನ ಸೇತುವೆಯ ಮೇಲೆ ಬರುವ ರಸ್ತೆ. ಅವಳು ಮನೆಗೆ ಬರಲಾಗದ ಚಳಿಗಾಲದ ಒಂದು ಭಾನುವಾರ ನಾನೇ ಅಲ್ಲಿಗೆ ಹೋಗಿ, ಗಡಿಯಾರ ಹಿಡಿದು ಎರಡನ್ನೂ ಮೂರು ಮೂರು ಸಲ ನಡೆದೆ. ಸಂಕದ ದಾರಿಗೆ ನಾಲ್ಕು ನಿಮಿಷ, ರಸ್ತೆಗೆ ಹದಿನೇಳು. ಚೌಕ ಹಾಕಿ ಕಾಗದದ ಮೇಲೆ ಬರೆದು ಅವಳ ಕೋಣೆಯ ಗೋಡೆಗೆ ಅಂಟಿಸಿದೆ. ಆ ಮನೆಯ ಒಡತಿ ಗಿರಿಜಕ್ಕ ಅದನ್ನು ಓದಿ, ಮಳೆಗಾಲದ ಲೆಕ್ಕ ಎಲ್ಲಿ ಬರೆದಿದ್ದೀರಿ ಎಂದು ಕೇಳಿದರು. ಅಂಥ ಪ್ರಶ್ನೆಯನ್ನು ನನ್ನ ಮೇಲಧಿಕಾರಿಗಳೂ ಕೇಳಿರಲಿಲ್ಲವಾದ್ದರಿಂದ ನಾನು ನಕ್ಕು ಕಾಗದದ ಮೂಲೆಗಳನ್ನು ಇನ್ನಷ್ಟು ಒತ್ತಿ ಅಂಟಿಸಿದೆ.

ಮಳೆಗಾಲ ಬಂತು. ಜಲಜ ತಾನೇ ತಿಳಿದು ರಸ್ತೆ ಹಿಡಿದಳು. ನನ್ನ ನಾಲ್ಕು ನಿಮಿಷ ಹದಿನೇಳಾಯಿತು. ಬೂತಿನ ಮುಂದೆ ಹದಿನೇಳು ನಿಮಿಷ ನಿಲ್ಲುವುದೆಂದರೆ ಎಷ್ಟು ಉದ್ದವೆಂದು ಅಲ್ಲಿ ನಿಂತವರಿಗೇ ಗೊತ್ತು. ಬೂತಿನ ಯಜಮಾನರು ಯಾವುದೋ ಕಾರ್ಕಡದ ಬಸ್ಸಿನ ಕಥೆ ಹೇಳಿ ಮುಗಿಸಿ, ಅದನ್ನೇ ಮತ್ತೆ ಮೊದಲಿನಿಂದ ಹೇಳುವಷ್ಟು ಉದ್ದ. ನನಗೆ ಬೇಕಿದ್ದದ್ದು ಅವಳ ಸ್ವರ. ಆದರೆ ಬೇಕು ಎಂದು ಹೇಳಲು ಬಾಯಿ ಬರದವನು ನಾನು. ಅದರ ಬದಲು, ನಾಲ್ಕು ನಿಮಿಷದ ದಾರಿಯಿರುವಾಗ ಹದಿನೇಳು ಯಾಕೆ ಎಂದು ಕೇಳಿದೆ. ಒಂದು ದಿನವಲ್ಲ, ವಾರವಿಡೀ ಕೇಳಿದೆ. ಸಂಕ ಗಟ್ಟಿಯಿದೆ, ನಾನೇ ಮೂರು ಸಲ ದಾಟಿದ್ದೇನೆ ಎಂದೆ. ಅವಳು ಆಗಲಿ, ಕಾಣುವ ಎಂದಳು.

ಆ ಶನಿವಾರ ಅವಳು ಬರುವ ಮೊದಲೇ ನಾನೇ ಹೋಗಿ ಕರೆತರೋಣವೆಂದು ಬಸ್ಸು ಹತ್ತಿದೆ. ಇಳಿದಾಗ ಜಿರಿಜಿರಿ ಮಳೆ. ನಾನು ಹೊಳೆಯ ಕಡೆ ಹೊರಟದ್ದನ್ನು ಕಂಡು ಶೆಟ್ಟರು ಅಂಗಡಿಯೊಳಗಿಂದಲೇ ಹೇಳಿದರು. “ಹ್ವಾಯ್ ಫೋನಿನವ್ರೇ, ಸಂಕದ್ ಮೇಲ್ ಹೋಪುದ್ ಬೇಡ. ಮೇಲ್ ಘಟ್ಟದಂಗೆ ಮಳಿ ಬಂದಿತ್, ನೀರ್ ಏರ್ತಾ ಇತ್.” ನಾನು ಹೋಗಲಿಲ್ಲ. ಅಷ್ಟು ಬುದ್ಧಿ ನನಗಿತ್ತು. ದಡದಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ‘ಹ್ವಾಯ್’ ಎಂದು ಕೂಗಿದೆ, ಅಷ್ಟೆ. ಕೂಗಿ ಎಣಿಸತೊಡಗಿದೆ. ಮೂರಕ್ಕೆ ಅವಳು ಬಾಗಿಲಿಗೆ ಬಂದಳು. ನನ್ನನ್ನು ಕಂಡಳು. ಅವಳ ಮುಖ ಅರಳಿದ್ದು ಹೊಳೆಯ ಈ ಕಡೆಗೂ ಕಾಣಿಸಿತು. ಕೊಡೆ ಬಿಚ್ಚಿಕೊಂಡು ನೇರವಾಗಿ ಸಂಕಕ್ಕೆ ಇಳಿದಳು. ವಾರವಿಡೀ ನಾನು ಹೇಳಿಕೊಟ್ಟ ದಾರಿ ಅದೇ ಅಲ್ಲವೇ?

ನಡುವೆ ಕಾಲು ಜಾರಿತು. ಒಂದು ಕಾಲು ದಿಮ್ಮಿಗಳ ಸಂದಿನಲ್ಲಿ ಮೊಣಕಾಲಿನವರೆಗೆ ಇಳಿದು ಸಿಕ್ಕಿಕೊಂಡಿತು. ಕೊಡೆ ಹಾರಿ ಹೊಳೆಗೆ ಬಿದ್ದು ಒಮ್ಮೆ ಮಗುಚಿ ಕಾಣೆಯಾಯಿತು. ಅವಳು ಎರಡೂ ಕೈಯಿಂದ ಹಗ್ಗ ಹಿಡಿದಿದ್ದಳು, ಹಗ್ಗ ನೀರಿನ ಕಡೆಗೆ ಬಾಗಿತ್ತು, ಕೆಂಪು ನೀರು ದಿಮ್ಮಿಯ ಮೇಲೆ ಹತ್ತಿ ಅವಳ ಸೀರೆಯನ್ನು ಎಳೆಯುತ್ತಿತ್ತು. ನಾನು ಓಡಿದೆ ಎಂದು ಬರೆಯಬೇಕೆಂದು ಬಹಳ ಆಸೆ. ನಾನು ಓಡಲಿಲ್ಲ. ಬಾಯಿಗೆ ಹಿಡಿದ ಕೈಗಳನ್ನು ಇಳಿಸಲೂ ಮರೆತು ನಿಂತಿದ್ದೆ. ಶೆಟ್ಟರು ಓಡಿದರು. ಅರವತ್ತು ದಾಟಿದವರು ಸಂಕದ ಮೇಲೆ ಬೋರಲು ಮಲಗಿ, ತೆವಳಿಕೊಂಡು ಹೋಗಿ ಅವಳ ರಟ್ಟೆ ಹಿಡಿದರು. ಅವಳು ಕಾಲು ಬಿಡಿಸಿಕೊಂಡಳು. ಇಬ್ಬರೂ ಅಂಬೆಗಾಲಿನಲ್ಲಿ ದಡಕ್ಕೆ ಬಂದರು. ಎಷ್ಟು ಹೊತ್ತಾಯಿತು? ಮಿಲಿಸೆಕೆಂಡಿಗೂ ಲೆಕ್ಕ ಇಡುವ ನನಗೆ ಗೊತ್ತಿಲ್ಲ. ಮೂರರ ನಂತರ ನಾನು ಎಣಿಸಿಲ್ಲ.

ದಡದ ಕಲ್ಲಿನ ಮೇಲೆ ಕೂತು ಅವಳು ಮೊದಲು ತನ್ನ ಕಾಲು ನೋಡಿಕೊಂಡಳು. “ಹೊಸ ಚಪ್ಪಲ್ ಹೋಯ್ತ್,” ಎಂದಳು. ಆಮೇಲೆ ಹಲ್ಲು ಕಟಕಟ ಎನ್ನುತ್ತಿದ್ದಂತೆಯೇ ನನ್ನ ಮುಖ ನೋಡಿ ಕೇಳಿದಳು. “ನಾಲ್ಕ್ ನಿಮಿಷದೊಳ್ಗೆ ಬಂದ್ನಾ?”

ಅವಳು ನಗಿಸಲು ಹೇಳಿದ್ದು. ಶೆಟ್ಟರು ನಕ್ಕರು ಕೂಡ. ನನಗೆ ಆ ಪ್ರಶ್ನೆ ಈಗಲೂ ಬಸ್ಸಿನಲ್ಲಿ, ಸ್ನಾನದಲ್ಲಿ, ಮೀನು ಆರಿಸುವಾಗ ಕೇಳಿಸುತ್ತದೆ. ಕೊಡೆ ಮಗುಚುತ್ತದೆ, ಹಗ್ಗ ಬಾಗುತ್ತದೆ, ನಾನು ಬಾಯಿಗೆ ಕೈ ಹಿಡಿದು ನಿಂತಿರುತ್ತೇನೆ. ಮೀನಿನವಳು ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂದು ಮೂರು ಸಲ ಕೇಳಬೇಕಾಗುತ್ತದೆ. ದಾರಿ ಎಷ್ಟು ಬೇಗ ಮುಟ್ಟಿಸುತ್ತದೆ ಎಂದು ಪಿಂಗ್ ಹೇಳುತ್ತದೆಯೇ ಹೊರತು ಅದರ ಕೆಳಗೆ ಹೊಳೆ ಹರಿಯುತ್ತಿದೆಯೇ ಎಂದು ಹೇಳುವುದಿಲ್ಲ. ಗಿರಿಜಕ್ಕನಿಗೆ ಇದು ಚಳಿಗಾಲದಲ್ಲೇ ಗೊತ್ತಿತ್ತು. ಅದೇ ದಿನ ರಸ್ತೆಯಿಂದ ಸುತ್ತಿ ಹೋಗಿ ಗೋಡೆಯ ಕಾಗದ ಕಿತ್ತುಹಾಕಿದೆ.

ಅಂದಿನಿಂದ ರಸ್ತೆಯೇ ಎಂದು ಅವಳಿಂದ ಮಾತು ತೆಗೆದುಕೊಂಡೆ. ಹದಿನೇಳು ನಿಮಿಷ ನನಗೆ ಪ್ರಿಯವಾಯಿತು. ಬೂತಿನ ಮುಂದೆ ಗಡಿಯಾರ ನೋಡುತ್ತಾ ಹತ್ತಾಯಿತು, ಈಗ ಸೇತುವೆ ದಾಟಿರಬಹುದು, ಹದಿನಾಲ್ಕಾಯಿತು, ಈಗ ಹುಣಿಸೆ ಮರದ ಹತ್ತಿರ ಎಂದು ಅವಳ ಜೊತೆ ನಡೆಯುತ್ತಿದ್ದೆ. ಮಳೆಗೆ ಹದಿನೆಂಟಾದರೆ ಇನ್ನೂ ಸಂತೋಷ. ಆಫೀಸಿನಲ್ಲಿ ತಡವಾದ ಉತ್ತರಕ್ಕೆ ಹಲ್ಲು ಕಡಿಯುವವನು ಇಲ್ಲಿ ತಡವಾಗಲಿ ದೇವರೇ ಎಂದು ನಿಲ್ಲುತ್ತಿದ್ದೆ.

ಹೀಗೆ ಎರಡು ವಾರ ನಡೆಯಿತು. ಒಂದು ಗುರುವಾರ ನಾನು ಫೋನ್ ಮಾಡಿದಾಗ ಶೆಟ್ಟರು ಎತ್ತಿದರು. ಟೀಚರನ್ನು ಕರೆಯಿರಿ ಎಂದೆ. ಇನ್ನೇನು ಇಡಬೇಕು, ಅಷ್ಟರಲ್ಲಿ ಆ ಕಡೆ ಅವಳ ಸ್ವರ. ಹದಿನೇಳು ಇಲ್ಲ, ನಾಲ್ಕೂ ಇಲ್ಲ. ಹೊರಗೆ ಮಳೆ ಸುರಿಯುತ್ತಿತ್ತು.

“ಸಂಕದ್ ಮೇಲ್ ಬಂದ್ಯಾ?” ಎಂದೆ. ಸ್ವರ ಸ್ವಲ್ಪ ಜೋರಾಯಿತೇನೋ, ಬೂತಿನ ಯಜಮಾನರು ತಲೆ ಎತ್ತಿದರು.

“ಇಲ್ಲ ಮಾರಾಯ್ರೆ. ನೀವ್ ಅಲ್ಲ್ ಮಳಿಯಂಗೆ ಹದ್ನೇಳ್ ನಿಮಿಷ ನಿಲ್ಲುದ್ ಎಂತಕೆ ಅಂದೇಳಿ ಐದ್ ಗಂಟಿಗೇ ಹೊರಟ್ ರಸ್ತಿ ಮೇಲ್ ಬಂದೆ. ಆಗಳಿಂದ ಈ ಬೆಂಚಿನ್ ಮೇಲೇ ಕೂಕಂಡಿದ್ದೆ. ಐದೂ ಮುಕ್ಕಾಲ್ ಅಂದವ್ರ್ ಆರೂ ಹತ್ತ್ ಮಾಡಿರಿ. ಇಪ್ಪತ್ತೈದ್ ನಿಮಿಷ. ನಿಮ್ ಲೈನಿಗ್ ಎಂತ ಆಯ್ತ್?”

ಆಗಿದ್ದದ್ದು ಇಷ್ಟೆ. ಹೊರಡುವ ಹೊತ್ತಿಗೆ ಬ್ರಹ್ಮಾವರದ ಲೈನಿನ ಉತ್ತರ ನಲವತ್ತು ಮಿಲಿಸೆಕೆಂಡಿನಿಂದ ತೊಂಬತ್ತಕ್ಕೆ ಏರಿತ್ತು. ಆ ಐವತ್ತು ಎಲ್ಲಿ ಹೋಯಿತೆಂದು ಹುಡುಕುತ್ತಾ ಪರದೆಯ ಮುಂದೆ ಕೂತುಬಿಟ್ಟಿದ್ದೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗವನ್ನು ಹುಡುಕಲು ಇಪ್ಪತ್ತೈದು ನಿಮಿಷ. ಅದನ್ನು ಹೇಗೆ ಹೇಳುವುದೆಂದು ಯೋಚಿಸಿದೆ. ಬೇರೆ ಏನೋ ಹೇಳಬೇಕಿತ್ತು, ಬುಧವಾರದ ಸೀರೆಯ ವಿಷಯ, ಚೆಲ್ಲಿದ ಚಹಾದ ನೀರಿನ ವಿಷಯ. ಅದನ್ನೂ ಹೇಗೆಂದು ಯೋಚಿಸಿದೆ. ಯೋಚಿಸುತ್ತಾ ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆನೋ, ಆ ಕಡೆಯಿಂದ ಎರಡು ಸಲ ‘ಹ್ವಾಯ್’ ಎಂದದ್ದು ಕೇಳಿಸಿತು. ನಾನು ‘ಓ’ ಎನ್ನುವವರೆಗೆ ಅವಳು ಎಷ್ಟು ಎಣಿಸಿದಳೆಂದು ಇಂದಿಗೂ ನನಗೆ ಹೇಳಿಲ್ಲ.