ಶನಿಯ ಬಳೆ, ನನ್ನ ರುಮಾಲು

ಮೇಲೆ ನೋಡ್ಕೊಂಡು ನಡೆಯೋನಿಗೆ ಕೆಳಗೆ ಎಡವೋಕೆ ಏನಾದರೊಂದು ಸಿಗ್ತಾನೇ ಇರ್ತದೆ. ನನಗಂತೂ ಶನಿಯ ಚಿತ್ರ ಬರೆಯೋಕೆ ಹೊರಟ ದಿನದಿಂದ ಹೆಜ್ಜೆಗೊಂದು ಸಿಕ್ತು.

ನಾನು ಸಾಲಿಗೆ ಹೋದೋನಲ್ಲ. ಅಂಗಡಿ ಬೋರ್ಡು ಬರೀತಾ ಬರೀತಾ ಅಕ್ಷರ ಕಲಿತೋನು, ಅದಕ್ಕೇ ನನ್ನ ಬರವಣಿಗೆ ಬೀದಿಯ ಆ ತುದಿಯಿಂದಲೂ ಓದೋ ಹಂಗಿರ್ತದೆ. ದುರ್ಗದಲ್ಲಿ ನಾಟಕದ ಪರದೆ, ಮದುವೆ ಮನೆ ಗೋಡೆ, ಗಾಡಿಯ ಹಲಗೆ, ಎಲ್ಲಾ ನನ್ನ ಕೈಯದೇ. ಒಂದ್ಸಲ ಪರದೆ ಮೇಲೆ ಬಾವಿ ಬರೆದಿದ್ದೆ. ನಾಟಕ ನಡೀತಿರುವಾಗ ಒಬ್ಬಾಕೆ ಎದ್ದು ಕೊಡ ಹಿಡ್ಕೊಂಡು ರಂಗ ಹತ್ತಿದಳು. ನಂಬೋರು ನಂಬ್ರಿ. ನಂಬದೋರು ಮನೆಗೆ ಬರ್ರಿ, ನಾಚಿಕೆಯಿಂದ ಆಕೆ ಬಿಟ್ಟು ಹೋದ ಕೊಡ ಇನ್ನೂ ನಮ್ಮ ಹಿತ್ತಲಲ್ಲೇ ಐತೆ.

೧. ಕಾಗೆ ಎಲ್ಲಿತ್ತು?

ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಕಟ್ಟೆ ಕಟ್ಟೋ ಕೆಲಸ ಮುಗಿಯೋಕೆ ಬಂದಿತ್ತು. ಅಲ್ಲಿನ ಕಬ್ಬಿಣಕ್ಕೆಲ್ಲ ಬಣ್ಣ ಹೊಡೆಯೋಕೆ ನಾನು ಹೋಗಿದ್ದೆ. ಅಲ್ಲೊಬ್ಬರು ಓವರ್‌ಸಿಯರ್ ಸಾಹೇಬರಿದ್ದರು. ಮೈಸೂರು ಕಡೆಯವರು, ಬೀಡಿಯಿಲ್ಲ, ಎಲೆಯಡಿಕೆಯಿಲ್ಲ. ಇದ್ದದ್ದು ಒಂದೇ ಚಟ. ತನ್ನ ಸೀಮೆಗೆ ವಾಪಸು ಹೊರಟ ಬಿಳಿ ದೊರೆಯೊಬ್ಬನಿಂದ ಕೊಂಡ ಹಿತ್ತಾಳೆ ದುರ್ಬೀನು. ಹೊತ್ತು ಮುಳುಗೋದೇ ತಡ, ಅದನ್ನ ಮುಕ್ಕಾಲಿ ಮೇಲೆ ನಿಲ್ಲಿಸಿ ಆಕಾಶಕ್ಕೆ ಕಣ್ಣಿಡೋರು. ಕಂಡದ್ದನ್ನ ಚಿತ್ರ ಬರೆದಿಡಬೇಕು ಅಂತ ಅವರಿಗೆ ಬಹಳ ಆಸೆ. ಆದರೆ ಪಾಪ, ಅವರು ಚಂದ್ರನ್ನ ಬರೆದರೆ ಬದನೆಕಾಯಿ ಆಗ್ತಿತ್ತು.

"ಏನಯ್ಯ, ನೋಡಿದ್ದನ್ನ ನೋಡಿದ ಹಾಗೆ ಬರೀತೀಯಾ?" ಅಂತ ನನ್ನ ಕೇಳಿದರು.

"ಸ್ವಾಮಿ, ನೋಡದೇ ಇದ್ದದ್ದನ್ನೂ ಬರೀತೀನಿ" ಅಂದೆ.

ಅವತ್ತು ಸಂಜೆ ಶನಿಯನ್ನ ತೋರಿಸಿದರು. ಒಂದು ಹಳದಿ ಗುಂಡು, ಅದರ ನಡುವಿಗೊಂದು ಬಳೆ. ಮೈ ಜುಮ್ಮಂತು. ಮರುದಿನ ಹಲಗೆ ಮೇಲೆ ಬರ್ಕೊಂಡು ಹೋದೆ. ನಾಲ್ಕು ಕೈ, ಕಿರೀಟ, ಕೈಯಲ್ಲಿ ಆ ಬಳೆ, ಕೆಳಗೆ ರೆಕ್ಕೆ ಬಿಚ್ಚಿದ ಕಾಗೆ. ಪರದೆಗೆ ಏರಿಸಿದ್ದರೆ ಜನ ಕೈಮುಗಿದು ಎದ್ದು ನಿಲ್ತಿದ್ದರು.

ಸಾಹೇಬರು ಬಹಳ ಹೊತ್ತು ನೋಡಿದರು. "ಕಾಗೆ ಎಲ್ಲಿತ್ತಯ್ಯ?"

"ಶನಿ ಬಹಳ ದೂರ ಐತಲ್ಲ ಸ್ವಾಮಿ, ನಿಮ್ಮ ಗಾಜಿಗೆ ಕಂಡಿಲ್ಲ. ಹತ್ರಕ್ಕೆ ಹೋದ್ರೆ ಕಾಗೆ ಇದ್ದೇ ಇರ್ತದೆ."

"ಕಾಗೆ ಬಿಡು. ಕಂಡಷ್ಟೇ ಬರಿ."

ಕಂಡಷ್ಟೇ ಬರೆದೆ. ಒಂದು ಗುಂಡು, ಎರಡೂ ಪಕ್ಕ ಬಳೆಯ ಎರಡು ತುಂಡು. ಸಾಹೇಬರು ಬಾಯಿ ಬಿಡೋಕೆ ಮುಂಚೆ ಅವರ ಅಡಿಗೆಯೋನು ಬಂದು ಇಣುಕಿದ. "ನೀರು ಕಾಯಿಸೋ ಹಂಡೆ. ಹಿಡಿ ಸಮೇತ ಚೆನ್ನಾಗಿ ಬಂದೈತೆ" ಅಂದ. ಕೆಲಸದೋರೆಲ್ಲ ಗಾರೆ ಬಾಂಡ್ಲಿ ಕೆಳಗಿಟ್ಟು ನಕ್ಕರು.

ನನಗೆ ರೇಗಿಹೋಯ್ತು. ತಲೆ ಮೇಲಿನ ರುಮಾಲು ಬಿಚ್ಚಿದೆ. ಅದೇನು ಸಾಮಾನ್ಯ ರುಮಾಲಲ್ಲ, ಮದುವೆಯಲ್ಲಿ ಮಾವ ಕೊಟ್ಟ ಜರಿ ಅಂಚಿನ ಕೆಂಪು ರುಮಾಲು. ದುರ್ಗದಲ್ಲಿ ಒಂದು ತುದಿ ಹಿಡಿದು ಬಿಚ್ಚಿದರೆ ಇನ್ನೊಂದು ತುದಿ ಹೊಳಲ್ಕೆರೆ ಮುಟ್ತಿತ್ತು. "ಶನಿಯ ಬಳೆ ಬರೆದು, ನಿಮ್ಮ ಬಾಯಲ್ಲಿ 'ಇದ್ದ ಹಾಗೇ ಇದೆ' ಅನ್ನಿಸೋವರೆಗೂ ಇದನ್ನ ತಲೆಗೆ ಸುತ್ತಲ್ಲ ಸ್ವಾಮಿ" ಅಂದೆ.

ಸಾಹೇಬರು ನನ್ನ ಬೋಳು ತಲೆ ನೋಡಿ, "ನೆಗಡಿ ಆಗುತ್ತೆ ಕಣಯ್ಯ" ಅಂದರು.

೨. ಯಾರು ಹೋದ್ರು?

ಆ ಕಾಲದಲ್ಲಿ ಗಂಡಸು ಬರಿದಲೆಯಲ್ಲಿ ಬೀದಿಗೆ ಬಂದ ಅಂದ್ರೆ ಮನೇಲಿ ಸಾವಾಗೈತೆ ಅಂತಲೇ ಅರ್ಥ. ಛಲದ ಬಿಸಿಯಲ್ಲಿ ಇದು ನನಗೆ ನೆನಪಾಗಲಿಲ್ಲ. ದುರ್ಗಕ್ಕೆ ಬಂದು ಸಂತೆಹೊಂಡದ ಹತ್ತಿರ ಗಾಡಿ ಇಳಿದೆನೋ ಇಲ್ಲವೋ, ಪರಿಚಯದ ಎಣ್ಣೆ ಅಂಗಡಿಯೋನು ಕೈ ಹಿಡ್ಕೊಂಡ.

"ಯಾರು ಹೋದ್ರಪ್ಪ?"

"ಯಾರೂ ಹೋಗಿಲ್ಲಣ್ಣ. ಶನಿ ಚಿತ್ರ ಬರೀತಾ ಇದೀನಿ."

ಅವನು ನನ್ನ ಬೆನ್ನು ಸವರಿದ. ಪಕ್ಕದೋನಿಗೆ, "ಪಾಪ, ದುಃಖ ನೆತ್ತಿಗೇರೈತೆ" ಅಂದ. ಪಕ್ಕದೋನು ಅವನ ಪಕ್ಕದೋನಿಗೆ ಹೇಳಿದ. ಸುದ್ದಿ ನನಗಿಂತ ಜೋರಾಗಿ ನಡೀತು. ನಾನು ಮನೆ ಮುಟ್ಟೋ ಹೊತ್ತಿಗೆ ಅಂಗಳದ ತುಂಬ ಹೆಂಗಸರು ಕೂತು ಅಳ್ತಿದ್ದರು. ಓಣಿಯೋರು ನಮ್ಮವ್ವ ಹೋದಳು ಅನ್ಕೊಂಡಿದ್ದರು. ನನ್ನ ಹೆಂಡತಿ ನಾನೇ ಹೋದೆ ಅನ್ಕೊಂಡಿದ್ದಳು. ನಮ್ಮವ್ವ ಎಲ್ಲರ ನಡುವೆ ಕೂತು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಅಳ್ತಿದ್ದಳು.

ನನ್ನ ಕಂಡದ್ದೇ ಸೆರಗಿನಲ್ಲಿ ಮೂಗೊರೆಸಿಕೊಂಡು, "ಬಂದೇನಪ್ಪ? ಯಾರು ಹೋದ್ರು ಅಂತ ನೀನಾದ್ರೂ ಹೇಳು, ಆಗ್ಲಿಂದ ಅಳ್ತಾ ಇದೀನಿ" ಅಂದಳು.

೩. ಹೋದೋನ್ನ ಕರೀಬೇಡ್ರಿ

ಹೆಂಡತಿ ನನ್ನ ಛಲದ ಕತೆ ಕೇಳಿದಳು. ರುಮಾಲು ಇಸ್ಕೊಂಡು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಆ ಮುಚ್ಚಳ ಬಿದ್ದಾಗಲೇ ನಾನು ಹುಷಾರಾಗಬೇಕಿತ್ತು.

ಕಟ್ಟೆ ಕೆಲಸ ಮುಗಿದ ಮೇಲೆ ಸಾಹೇಬರಿಗೆ ದುರ್ಗಕ್ಕೇ ವರ್ಗವಾಯ್ತು. ಹೊಳಲ್ಕೆರೆ ಕಡೆ ಕೆಲಸ ನೋಡೋಕೆ ಸರ್ಕೀಟು ಹೊರಟಾಗ ನನ್ನನ್ನೂ ದುರ್ಬೀನನ್ನೂ ಒಂದೇ ಗಾಡಿಗೆ ಹಾಕ್ಕೊಂಡರು. ರಾಮಗಿರಿ ಗುಡ್ಡದ ಮೇಲೆ ದುರ್ಬೀನು ನಿಂತಿತು. ಶನಿಯನ್ನ ಬರೆಯೋದರ ಕಷ್ಟ ಕೇಳ್ರಿ. ಗಾಜಿನೊಳಗೆ ಅವನು ನಿಂತಲ್ಲಿ ನಿಲ್ಲಲ್ಲ. ನೋಡಿ, ಹಲಗೆ ಕಡೆ ತಿರುಗಿ, ಮತ್ತೆ ನೋಡೋದರೊಳಗೆ ಅಂಚಿಗೆ ಜಾರಿ ಮಾಯ. ಭೂಮಿ ತಿರುಗೋದರಿಂದ ಹಾಗೆ ಅಂದರು ಸಾಹೇಬರು. ನನಗೆ ಬೇರೆಯೇ ಅನ್ನಿಸಿತು. ಲೋಕವೆಲ್ಲ ಶನಿಗೆ ಹೆದರಿ ಓಡ್ತದೆ, ಶನಿ ನನಗೆ ಹೆದರಿ ಓಡ್ತಿದ್ದ. ಬಿಡೋನಲ್ಲ ನಾನು. ಬಲಗಣ್ಣು ದುರ್ಬೀನಿಗೆ, ಎಡಗಣ್ಣು ಹಲಗೆಗೆ ಇಟ್ಟು ಬರೆಯೋದು ಕಲಿತೆ. ಅದರಿಂದ ಮೆಳ್ಳಗಣ್ಣು ಬಂತು, ಹರಳೆಣ್ಣೆ ತೀಡಿ ನೆಟ್ಟಗೆ ಮಾಡ್ಕೊಂಡೆ.

ಒಂದು ಸಂಜೆ ಹೊಳಲ್ಕೆರೆಯ ಜವಳಿ ವರ್ತಕರೊಬ್ಬರು ಏದುಸಿರು ಬಿಡ್ತಾ ಗುಡ್ಡ ಹತ್ತಿ ಬಂದರು. ಕೈಯಲ್ಲಿ ಎಳ್ಳೆಣ್ಣೆ ಗಿಂಡಿ. ಅವರಿಗೆ ಏಳೂವರೆ ವರ್ಷದ ಶನಿ ಕಾಟ ನಡೀತಿತ್ತಂತೆ.

"ಮಖ ಯಾ ಕಡೆಗೈತೆ ನೋಡಿ ಹೇಳ್ರಿ. ನನ್ನ ಕಡೇನಾ?"

"ಮಖ ಇಲ್ಲ ಯಜಮಾನ್ರೆ, ಬರೀ ಬಳೆ. ನೀವೇ ನೋಡ್ರಿ."

ಅವರು ಕಣ್ಣಿಟ್ಟರು, ಉಸಿರು ಹಿಡಿದರು. ಅವರು ನೋಡ್ತಿದ್ದಂಗೇ ಶನಿ ಮೆಲ್ಲಗೆ ಅಂಚಿಗೆ ಸರಿದ, ಆಚೆಗೆ ಹೋದ. ವರ್ತಕರು ಅಲ್ಲೇ ಕುಸಿದು ಕೂತು ಕೈಮುಗಿದರು. "ಹೋದ. ಕಣ್ಣಾರೆ ಕಂಡೆ. ನನ್ನ ಬಿಟ್ಟು ಹೋದ."

ಸಾಹೇಬರು ಪಾಪ ತಮ್ಮ ಪಾಡಿಗೆ ದುರ್ಬೀನನ್ನ ಕೊಂಚ ಪಕ್ಕಕ್ಕೆ ತಿರುಗಿಸಿ, "ಇರಿ ಇರಿ, ಮತ್ತೆ ಹಿಡಿದು ತರ್ತೀನಿ" ಅಂದರು.

ವರ್ತಕರು ಎಣ್ಣೆ ಗಿಂಡಿ ಅಲ್ಲೇ ಬಿಟ್ಟು ಅವರ ಕೈ ಗಟ್ಟಿಯಾಗಿ ಹಿಡ್ಕೊಂಡರು. "ಬ್ಯಾಡ್ರಿ ಸ್ವಾಮಿ. ತಾನಾಗೇ ಹೋದೋನ್ನ ಯಾಕೆ ಕರೀತೀರಿ?"

೪. ಬಾಗೂರಿನ ಕುರಿ

ಬಳೆ ಮಾತ್ರ ಕೈಗೆ ಹತ್ತಲೊಲ್ಲದು. ಬರೆದಷ್ಟೂ ಹಂಡೆಯೇ. "ಮೊದಲು ಚಂದ್ರನ್ನ ಬರಿ. ದೊಡ್ಡದು, ಕೈ ಪಳಗುತ್ತೆ" ಅಂದರು ಸಾಹೇಬರು. ಹೊಸದುರ್ಗದ ಕಡೆ ಬಾಗೂರಿನ ಕೆರೆ ಏರಿ ಮೇಲೆ ಅರ್ಧ ಚಂದ್ರನಿಗೆ ದುರ್ಬೀನು ಹೂಡಿದೆವು. ಮೈತುಂಬ ಗುಳಿ. ಒಂದು ಗುಳಿ ಬರೆಯೋದರೊಳಗೆ ಇನ್ನೊಂದು ಎಲ್ಲಿತ್ತು ಅನ್ನೋದೇ ಮರೀತಿತ್ತು.

ಕುರಿ ಹೊಡ್ಕೊಂಡು ಹೋಗ್ತಿದ್ದ ಕಂಬಳಿಯೋನೊಬ್ಬ ನಿಂತ. ತಾನೂ ನೋಡಿದ.

"ಹುಲ್ಲಿಲ್ಲ, ನೀರಿಲ್ಲ. ಒಣಗಿದ ಕೆರೆ ಅಂಗಳ ಇದ್ದಂಗೈತೆ. ಕೆಸರಿದ್ದಾಗ ಮಂದೆ ಹಾದೈತೆ, ಅವೆಲ್ಲ ಗೊರಸಿನ ಗುರುತು."

ತಕ್ಷಣ ನನ್ನ ತಲೆ ಓಡಿತು. ಹಲಗೆಗೆ ಹಸಿ ಸುಣ್ಣದ ಗಾರೆ ದಪ್ಪಗೆ ಬಳಿದು, ಅವನ ಒಂದು ಕುರಿಯನ್ನ ಅದರ ಮೇಲೆ ಅಡ್ಡಾಡಿಸಿದೆ. ಅದು ಒಲ್ಲೆ ಅಂತು, ಒದೀತು, ನನ್ನನ್ನೂ ಹಾಯ್ತು. ಆದರೆ ನಡೀತು. ಅರ್ಧಕ್ಕೆ ಕಾಡಿಗೆ ಬಳಿದು ಕತ್ತಲು ಮಾಡಿದೆ. ಒಣಗಿದ ಮೇಲೆ ಪಕ್ಕಕ್ಕೆ ಲಾಂದ್ರ ಹಿಡಿದರೆ ಒಂದೊಂದು ಗುಳಿಯೊಳಗೂ ನೆರಳು ಬಿತ್ತು. ಚಂದ್ರನೇ ಬಂದು ನೋಡಿದ್ದರೆ ಕನ್ನಡಿ ಅನ್ಕೊತಿದ್ದ.

"ಇದ್ದ ಹಾಗೇ ಇದೆ ಕಣಯ್ಯ" ಅಂದರು ಸಾಹೇಬರು.

ಆ ಮಾತು ಕಿವಿಗೆ ಬಿದ್ದದ್ದೇ ಕೈ ತಾನಾಗೇ ತಲೆಗೆ ಹೋಯ್ತು. ಆಮೇಲೆ ನೆನಪಾಯ್ತು. ಹಟ ಹಿಡಿದದ್ದು ಶನಿಯ ಬಳೆಗೆ, ಚಂದ್ರನಿಗಲ್ಲ. ಸಾಹೇಬರಿಗೆ ಕರುಣೆ ಬಂತು. "ಚಂದ್ರ ಆದರೇನು, ರುಮಾಲು ಕಟ್ಟಿಕೊಂಡುಬಿಡು" ಅಂದರು.

ಕಂಬಳಿಯೋನು ಕೋಲೂರಿಕೊಂಡು ನಿಂತಿದ್ದ. "ಇವನಿಗ್ಯಾಕ್ರಿ? ರುಮಾಲು ನನ್ನ ಕುರಿಗೆ ಕಟ್ರಿ" ಅಂದ.

೫. ಬಳೆ ಕಾಣೆ

ಆ ಮಳೆಗಾಲವೆಲ್ಲ ನಾನು ಬೇರೇನೂ ಬರೀಲಿಲ್ಲ. ಗಜನಿಂಬೆ ಹಣ್ಣಿಗೆ ಹೆಂಡತಿಯ ಬಳೆ ಸಿಕ್ಕಿಸಿ, ಎದುರಿಗಿಟ್ಟು ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಗುಟ್ಟು ಸಿಕ್ಕಿತು. ಬಳೆಗೂ ಗುಂಡಿಗೂ ನಡುವೆ ಇರೋ ಕತ್ತಲನ್ನ ಮೊದಲು ಬರೀಬೇಕು. ಆ ಕತ್ತಲು ಬಿಟ್ಟದ್ದಕ್ಕೇ ಅಷ್ಟು ದಿನ ಹಂಡೆ ಆಗಿದ್ದು. ಮೋಡ ಸರಿಯೋದನ್ನೇ ಕಾದೆ.

ಸರಿಯಿತು. ದುರ್ಗದ ಗುಡ್ಡದ ಮೇಲೆ ಸಾಹೇಬರು ದುರ್ಬೀನಿಗೆ ಕಣ್ಣಿಟ್ಟರು, ತೆಗೆದರು, ಗಾಜು ಒರೆಸಿದರು, ಮತ್ತೆ ಇಟ್ಟರು. "ಬಳೆ ಇಲ್ಲವಲ್ಲಯ್ಯ."

ನೋಡಿದೆ. ಬರೀ ಗುಂಡು. ಊರಿಗೆ ಸುದ್ದಿ ಮುಟ್ಟಿತು. ನಾನು ಬರೆದು ಬರೆದು ಬಳೆಯನ್ನ ಸವೆಸಿಬಿಟ್ಟೆ ಅಂದರು ಕೆಲವರು. ನಾನೇನೂ ಅಲ್ಲಗಳೆಯಲಿಲ್ಲ.

ಸಾಹೇಬರು ಪುಸ್ತಕ ನೋಡಿ ಬಂದು, ಒಂದು ಊಟದ ತಟ್ಟೆಯನ್ನ ನನ್ನ ಕಣ್ಣಿಗೆ ನೇರ ಅಡ್ಡ ಹಿಡಿದರು. "ತಟ್ಟೆ ಕಾಣುತ್ತಾ? ಅಂಚು ಮಾತ್ರ. ಬಳೆಯೂ ಈಗ ಹೀಗೆ ನಿಂತಿದೆ, ಬಲು ತೆಳುವು. ಬರೋ ವರ್ಷ ಮತ್ತೆ ವಾಲುತ್ತೆ." ಆಮೇಲೆ ದನಿ ತಗ್ಗಿಸಿದರು. "ನೋಡಯ್ಯ, ಈಗ ಇರೋದು ಗುಂಡು ಮಾತ್ರ. ಗುಂಡು ಬರೆದುಕೊಡು. ಇದ್ದ ಹಾಗೇ ಇದೆ ಅಂತೀನಿ, ಸುಳ್ಳೂ ಆಗೋದಿಲ್ಲ. ರುಮಾಲು ಕಟ್ಟಿಕೊ."

ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗ್ತದೆ. ಬಿಸಿಲಿಗೆ ನನ್ನ ನೆತ್ತಿ ಹೆಂಚಾಗಿತ್ತು. ಮದುವೆಗಳಿಗೆ ನನ್ನ ಕರೆಯೋದನ್ನೇ ಜನ ಬಿಟ್ಟಿದ್ದರು, ಶುಭಕ್ಕೆ ಬರಿದಲೆಯೋನು ಯಾಕೆ ಅಂತ. ಗೋಡೆ ಬರೆಯೋ ಕೆಲಸವೂ ಅದರ ಹಿಂದೆಯೇ ಹೋಗಿತ್ತು. ಆದರೂ ಅಂದೆ: "ಬಳೆ ಬರೀತೀನಿ ಅಂದೋನು ನಾನು, ಸ್ವಾಮಿ. ಅವನು ಬಳೆ ತೊಡೋವರೆಗೂ ಕಾಯ್ತೀನಿ."

ಮನೆಗೆ ಬಂದು ಹೇಳಿದೆ. ಶನಿ ಬಳೆ ತೆಗೆದವ್ನೆ ಅನ್ನೋದನ್ನ ಕೇಳಿ ನಮ್ಮವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯೋ ಪಾಪ, ಅವರ ಮನೇಲಿ ಯಾರು ಹೋದ್ರೋ" ಅಂದು ಸೆರಗು ಹುಡುಕಿದಳು.

೬. ಇದ್ದ ಹಾಗೇ ಇದೆ

ಮುಂದಿನ ವರ್ಷ ಬಳೆ ಬಂತು. ದಾರದೆಳೆಯಷ್ಟು ಸಣ್ಣದು, ಆದರೆ ಬಂತು. ಬೇಲದ ಅಂಟಿನಲ್ಲಿ ಕಾಡಿಗೆ ಅರೆದು ಕರೀ ಹಲಗೆ ಮಾಡಿಟ್ಟಿದ್ದೆ. ಅರದಾಳದ ಹಳದಿಯಲ್ಲಿ ಗುಂಡು ತುಂಬಿದೆ. ಅಕ್ಕಪಕ್ಕ ಕತ್ತಲನ್ನ ಕೂದಲೆಳೆಯಷ್ಟು ಉಳಿಸಿದೆ. ಅಳಿಲ ಬಾಲದ ಕುಂಚ ಹಿಡಿದು, ಉಸಿರು ಕಟ್ಟಿ, ಒಂದೇ ಎಳೆತಕ್ಕೆ ಬಳೆ ಎಳೆದೆ. ಆ ಹೊತ್ತು ಗಾಳಿಯೂ ನಿಂತಿತ್ತು. ಕೋಟೆ ಬುರುಜಿನ ಗೂಬೆಯೂ ಉಸಿರಾಡಲಿಲ್ಲ.

ಸಾಹೇಬರು ದುರ್ಬೀನು ನೋಡಿದರು. ಹಲಗೆ ನೋಡಿದರು. ಮತ್ತೆ ದುರ್ಬೀನು, ಮತ್ತೆ ಹಲಗೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಇದ್ದ ಹಾಗೇ ಇದೆ ಕಣಯ್ಯ."

ನನ್ನ ಕೈ ಆಗಲೇ ತಲೆಗೆ ಹೋಗಿತ್ತು. ಸಾಹೇಬರು, "ಕತ್ತಲಲ್ಲಿ ಬೇಡ. ನಾಳೆ ಬೆಳಿಗ್ಗೆ ಊರ ಎದುರಿಗೆ ನನ್ನ ಕೈಯಾರೆ ಕಟ್ತೀನಿ" ಅಂದರು.

ಬೆಳಿಗ್ಗೆ ಬಂದರು. ಹಿಂದೆ ಓಣಿಯ ಜನ. ಹಂಡೆ ಅಂದಿದ್ದ ಅಡಿಗೆಯೋನೂ ತಲೆ ತಗ್ಗಿಸಿಕೊಂಡು ಬಂದಿದ್ದ. ನಾನು ಅಂಗಳದಲ್ಲಿ ನಿಂತು, "ಎಲ್ಲಿ, ಆ ರುಮಾಲು ತಗಂಬಾ" ಅಂತ ಊರಿಗೆಲ್ಲ ಕೇಳೋ ಹಂಗೆ ಕೂಗಿದೆ.

ಹೆಂಡತಿ ಬಾಗಿಲಿಗೆ ಬಂದು ತುಟಿ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಮಾತಾಡ್ರಿ. ಕೂಸು ಈಗಷ್ಟೇ ಮಲಗೈತೆ."

ಬಗ್ಗಿ ನೋಡಿದೆ. ತೊಲೆಯಿಂದ ನನ್ನ ಕೆಂಪು ರುಮಾಲು ಜೋಲಿಯಾಗಿ ಇಳಿಬಿದ್ದಿತ್ತು. ಆಕಾಶ ನೋಡ್ತಿದ್ದ ನನ್ನ ಕಣ್ಣಿಗೆ ಅದು ಅಲ್ಲೀವರೆಗೂ ಬಿದ್ದೇ ಇರಲಿಲ್ಲ. ಅದರೊಳಗೆ, ಶನಿಯ ಬಳೆ ಕಾಣೆಯಾದ ವರ್ಷ ಹುಟ್ಟಿದ ನನ್ನ ಮಗಳು ಜರಿ ಅಂಚು ಬಾಯಿಗಿಟ್ಕೊಂಡು ಮಲಗಿದ್ದಳು.

"ಇದೇನೇ ಇದು?"

"ನೀವೇನು ಇವತ್ತು ನಾಳೆ ಬರೆಯೋ ಹಂಗೆ ಕಾಣ್ಲಿಲ್ಲ. ಬೇರೆ ಬಟ್ಟೆಯಾಗೆ ಇದು ಮಲಗಲ್ಲ. ಎದ್ದ ಮೇಲೆ ಕಟ್ಕಳ್ರಿ, ಎಲ್ಲಿಗೆ ಹೋಗ್ತದೆ."

ಶನಿಯನ್ನ ಬೆನ್ನಟ್ಟಿ ಹಿಡಿದೋನು ನಾನು. ಕೂಸನ್ನ ಎಬ್ಬಿಸೋ ಧೈರ್ಯ ಬರಲಿಲ್ಲ. ಸಾಹೇಬರು ಜಗಲಿ ಮೇಲೆ ಕೂತರು, ನಾನೂ ಕೂತೆ, ಓಣಿಯೂ ಕೂತಿತು. ಯಾರೂ ಕೆಮ್ಮಲಿಲ್ಲ. ಬಿಸಿಲು ಜಗಲಿಗೆ ಏರಿದ ಮೇಲೆ ಕೂಸು ಎದ್ದಿತು. ಹೆಂಡತಿ ರುಮಾಲು ಬಿಚ್ಚಿ ತಂದು ನನ್ನ ಕೈಗಿಟ್ಟಳು.

ತೊಯ್ದು ತೊಟ್ಟಿಕ್ಕುತ್ತಿತ್ತು.

ಸಾಹೇಬರು ಚಾಚಿದ್ದ ಕೈಯನ್ನ ಮೆಲ್ಲಗೆ ಹಿಂದಕ್ಕೆ ತಗೊಂಡರು. ಹೆಂಡತಿ ರುಮಾಲನ್ನ ಬಾವಿ ಹತ್ತಿರ ಜಾಲಿಸಿ, ಹಿಂಡಿ, ಬೇಲಿ ಮೇಲೆ ಹರವಿದಳು. ಬೇಲಿ ಸಾಲದೆ ಪಕ್ಕದ ಮನೆಯ ಬೇಲಿಗೂ ಹೋಯ್ತು. ನಾನು ಬರಿದಲೆಯಲ್ಲಿ ಜಗಲಿ ಮೇಲೆ, ಸುತ್ತ ಊರ ಜನ, ಎಲ್ಲರೂ ಅದನ್ನೇ ನೋಡ್ತಾ ಸುಮ್ಮನೆ ಕೂತೆವು.

ಅಷ್ಟರಲ್ಲಿ ಹಳ್ಳಿ ಕಡೆಯ ಗಾಡಿಯೋನೊಬ್ಬ ಬೀದಿಯಲ್ಲಿ ಹೋಗ್ತಿದ್ದೋನು ಎತ್ತು ನಿಲ್ಲಿಸಿದ. ನನ್ನ ತಲೆ ನೋಡಿದ, ಜನ ನೋಡಿದ, ತಾನೂ ಕೆಳಗಿಳಿದು ಮೆಲ್ಲಗೆ ಕೇಳಿದ: "ಯಾರು ಹೋದ್ರಪ್ಪ?"

ಒಳಗಿಂದ ನಮ್ಮವ್ವ ಅಂದಳು: "ಯಾರೂ ಹೋಗಿಲ್ಲ ಕಣಪ್ಪ. ರುಮಾಲು ಒಣಗ್ತಾ ಐತೆ."